ಕೃಷ್ಣೆಗೆ ಒಯ್ದ ಖಣ

ಟಾಂಗಾ ಹೊಡೆಯುವವನನ್ನು ಬಿಟ್ಟರೆ ನಾವು ನಾಲ್ವರಿದ್ದೆವು. ಮುಂದಿನ ಹಲಗೆಯ ಮೇಲೆ ಸಾಹೇಬರ ಕಾಲದ ಸೋಲಾ ಹ್ಯಾಟು ಹಾಕಿಕೊಂಡು ಕುಳಿತವನು ನಮ್ಮ ಗೈಡು ಗಣಪತರಾವ. ಹಿಂದೆ ಕಾಲು ಇಳಿಬಿಟ್ಟುಕೊಂಡು, ಕರಿ ಕಂಬಳಿ ಹೊದ್ದು ಕುಳಿತವನು ನಮ್ಮ ಅಪ್ಪನ ತಮ್ಮ, ಮಾಳಪ್ಪ ಕಾಕಾ. ಆ ತುದಿಗೆ, ತೊಡೆಯ ಮೇಲೊಂದು ಗಂಟನ್ನು ಹಸುಗೂಸಿನ ಹಾಗೆ ಹಿಡಿದುಕೊಂಡವಳು ಅವನ ಹೆಂಡತಿ, ನೀಲವ್ವ ಚಿಗವ್ವ. ಈ ಗಂಡಹೆಂಡಿರ ನಡುವೆ ಸಿಕ್ಕು, ಒಂದು ಮೊಣಕಾಲನ್ನು ಅವನಿಗೂ ಇನ್ನೊಂದನ್ನು ಅವಳಿಗೂ ಒಪ್ಪಿಸಿ ಕುಳಿತವನು ನಾನು. ಊರು ಮಹಾಬಳೇಶ್ವರ. ದೀಪಾವಳಿ ಆಗಷ್ಟೇ ಮುಗಿದಿತ್ತು. ಚಳಿ ಹಲ್ಲಿನ ಸಂದಿಯಲ್ಲಿ ಹೊಕ್ಕು ಕೂತಿತ್ತು.

ಮೊನ್ನೆ ಮೊಮ್ಮಗಳು ಸಾಲಿಯವರ ಜೊತೆ ಬೆಟ್ಟದೂರಿನ ಪ್ರವಾಸ ಮುಗಿಸಿ ಬಂದು, “ಅಜ್ಜಾ, ಎಷ್ಟ ಪಾಯಿಂಟ್ ನೋಡಿದ್ವಿ ಗೊತ್ತೈತೇನು!” ಎಂದಳು. ಅವಳು ‘ಪಾಯಿಂಟ್’ ಎಂದದ್ದೇ ತಡ, ನನ್ನ ಎರಡೂ ಮೊಣಕಾಲು ನೋಯತೊಡಗಿದವು. ಡಾಕ್ಟರರು ಇದಕ್ಕೆ ವಾಯು ಅನ್ನುತ್ತಾರೆ. ಗಣಪತರಾವನನ್ನು ಅವರು ನೋಡಿಲ್ಲ, ಪಾಪ.

ಬೆಟ್ಟ ನೋಡಬೇಕೆಂದು ನಮ್ಮ ಮನೆತನದಲ್ಲಿ ಯಾರೂ ಆಸೆಪಟ್ಟವರಲ್ಲ. ಅಕ್ಕಲಕೋಟೆಯ ಹತ್ತಿರದ ಚಪಳಗಾಂವ ನಮ್ಮದು. ಕುರಿ, ಜೋಳದ ಹೊಲ, ಬೀರೋಬಾನ ಗುಡಿ. ಇವು ಮೂರನ್ನು ಬಿಟ್ಟು ನಾಲ್ಕನೆಯದು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಎತ್ತರವೆಂದರೆ ನಮ್ಮ ಕಾಕಾನ ಪಾಲಿಗೆ ಬಣವೆ. ಮರಾಠಿ ಸಾಲಿಯಲ್ಲಿ ನಾಲ್ಕಕ್ಷರ ಕಲಿತು, ಸೊಲ್ಲಾಪುರದ ಚಾದರ ಅಂಗಡಿಯೊಂದರಲ್ಲಿ ಗಿರಾಕಿಗಳ ಮುಂದೆ ಚಾದರ ಬಿಚ್ಚುವುದು ಮಡಚುವುದು ಮಾಡಿಕೊಂಡಿದ್ದ ನನಗೂ ಅಷ್ಟೇ. ಕನ್ನಡ ನನಗೆ ಪುಸ್ತಕದಿಂದ ಬಂದದ್ದಲ್ಲ. ಕುರಿಹಟ್ಟಿಯಲ್ಲಿ ಉಣ್ಣೆ ನೂಲುತ್ತ ಕೂತ ಮುದುಕರು ಒಬ್ಬರನ್ನೊಬ್ಬರು ಬೈದಾಡುವುದನ್ನು ಕೇಳಿ ಬಂದದ್ದು. ಆದ್ದರಿಂದಲೇ ಬೈಗುಳದಲ್ಲಿ ನನ್ನ ಭಾಷೆ ಬಹಳ ಶುದ್ಧವಾಗಿದೆ ಎಂದು ಮನೆಯವರು ಹೇಳುತ್ತಾರೆ.

ಹೋಗಬೇಕೆಂದು ಹಟ ಹಿಡಿದವಳು ಚಿಗವ್ವ. ಅವಳ ತವರು ಬಿಜಾಪುರದ ಕಡೆ ಕೊಲ್ಹಾರ, ಕೃಷ್ಣೆಯ ದಂಡೆ. ಮಣ್ಣಿನ ಗಡಿಗೆಯನ್ನು ಬೋರಲು ಹಾಕಿದರೂ ಬೀಳದಂಥ ಮೊಸರಿನ ಊರು. ಅಲ್ಲಿಯ ಹೆಣ್ಣುಮಕ್ಕಳು ಹೊಳೆಗೆ ವರ್ಷಕ್ಕೊಮ್ಮೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಮೇಲೊಂದು ಕುಬಸದ ಖಣ. ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆಯೇ, ಸಮುದ್ರಕ್ಕೆ ಹೊರಟ ಹೊಳೆಗೂ ತುಂಬುವುದು. ಚಿಗವ್ವ ಮದುವೆಯಾಗಿ ಬಂದ ಮೇಲೂ ನಾಗರಪಂಚಮಿಗೆ ತವರಿಗೆ ಹೋದಾಗೆಲ್ಲ ಅದನ್ನು ತಪ್ಪಿಸಿರಲಿಲ್ಲ.

ಆಮೇಲೆ ಅವಳ ಅಣ್ಣನ ಮಗನ ಮದುವೆ ಬಂತು. ಆಯೇರಿಯ ಉಡುಗೊರೆ ಮಾಡುವಾಗ ಬೀಗರಿಗೆಲ್ಲ ತಲೆಗೆ ರುಮಾಲು ಸುತ್ತಿದರಂತೆ, ನಮ್ಮ ಕಾಕಾನಿಗೆ ಮಾತ್ರ ಟಾವೆಲ್ಲು ಹೊದಿಸಿದರಂತೆ. ಗದ್ದಲದಲ್ಲಿ ಆದದ್ದೋ, ಬೇಕೆಂದು ಮಾಡಿದ್ದೋ ಬೀರೋಬಾನಿಗೇ ಗೊತ್ತು. ಚಿಗವ್ವ ಊಟದ ಎಲೆ ಬಿಟ್ಟು ಎದ್ದು ಬಂದಳು. ಅಣ್ಣ ಕರೆಯಲು ಬರಲಿಲ್ಲ, ಇವಳು ಹೋಗಲಿಲ್ಲ. ಎಷ್ಟೋ ಪಂಚಮಿಗಳು ಹಾಗೇ ದಾಟಿದವು. ಅವಮಾನವಾದದ್ದು ಯಾರಿಗೆ ಎನ್ನುತ್ತೀರೋ, ಆ ಕಾಕಾ ಅದೇ ಟಾವೆಲ್ಲನ್ನು ದಿನಾ ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಿದ್ದ. “ಚೊಲೊ ಅರಿವಿ ಅದ. ಬೆವರ ಒರಸಾಕ ರುಮಾಲ ಏನ ಬರತೈತಿ?” ಎಂದು ಅವನು ಅಂದಾಗಲೆಲ್ಲ ಚಿಗವ್ವನ ಸಿಟ್ಟು ಹೊಸದಾಗುತ್ತಿತ್ತು.

ಆ ವರ್ಷ ಯಾರೋ ಅವಳಿಗೆ ಹೇಳಿದರು, ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ ಎಂದು. ಸರಿ, ಶುರುವಾಯಿತು.

“ಅಣ್ಣಗ ನಾ ಬ್ಯಾಡಾಗಿದ್ದರ ಬಿಡಲಿ,” ಎಂದಳು. “ಹೊಳಿ ಏನ ಮಾಡೇತಿ? ಅದರ ಉಡಿನೂ ಬಿಟ್ಟರ ತವರಿನ ನೀರಿನ ಋಣನ ಹರೀತು ನಂದು. ಕೊಲ್ಹಾರದಾಗ ತುಂಬೂದು ಆಗಂಗಿಲ್ಲಂದ್ರ ಅದರ ತವರಮನಿಗೇ ಹೋಗಿ ತುಂಬತೀನಿ.”

ಆಗ ಸೊಲ್ಲಾಪುರ, ಬಿಜಾಪುರ, ಮಹಾಬಳೇಶ್ವರ ಎಲ್ಲ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಅದನ್ನು ಕೇಳಿ ಕಾಕಾ, “ಹಂಗಾದ್ರ ಹತ್ರನ ಇರಬೇಕು” ಎಂದ. ಪುಣೆಯ ರೈಲು, ಅಲ್ಲಿಂದ ವಾಯಿ ದಾಟಿ ಘಾಟು ಹತ್ತುವ ಮೋಟಾರು. ಮೋಟಾರಿನ ಒಂದೊಂದು ತಿರುವಿಗೂ ಚಿಗವ್ವ ಕಣ್ಣು ಮುಚ್ಚಿ ಮೈಲಾರಲಿಂಗನನ್ನು ಕರೆದಳು, ಕಾಕಾ ಕಣ್ಣು ತೆರೆದು ವಾಂತಿ ಮಾಡಿದ.

ಇಳಿದಲ್ಲಿ ಗಣಪತರಾವ ಗಂಟುಬಿದ್ದ. ಯಾವುದೋ ಇಂಗ್ಲಿಷ್ ಸಾಹೇಬ ಬಿಟ್ಟುಹೋದ ಕೋಟು ಅವನನ್ನು ಮೊಣಕಾಲಿನವರೆಗೆ ಮುಚ್ಚಿತ್ತು. ಸಾಹೇಬರು ದೇಶ ಬಿಟ್ಟು ಹೋದ ಸುದ್ದಿ ಅವನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. “ನೀವು ಬೇರೆ ಗೈಡನ್ನು ಹಿಡಿದರೆ ಗುಡ್ಡ ನೋಡುತ್ತೀರಿ. ನನ್ನ ಜೊತೆ ಬಂದರೆ ಮಹಾಬಳೇಶ್ವರ ನೋಡುತ್ತೀರಿ,” ಎಂದ ಮರಾಠಿಯಲ್ಲಿ. ಅವನ ಮರಾಠಿಯನ್ನು ಇಲ್ಲಿ ಕನ್ನಡ ಮಾಡಿಯೇ ಹೇಳುತ್ತೇನೆ. ಅವನ ಗತ್ತು ಮಾತ್ರ ಯಾವ ಭಾಷೆಗೂ ಬರುವಂಥದ್ದಲ್ಲ. ನಮಗೆ ಬೇಕಾದದ್ದು ಹೊಳೆ ಹುಟ್ಟುವ ಗುಡಿ ಒಂದೇ ಎಂದು ನಾನು ಬಿಡಿಸಿ ಹೇಳಿದೆ. ಅವನು ಹ್ಯಾಟು ಸರಿಮಾಡಿಕೊಂಡು, “ಆಗಲಿ ಆಗಲಿ, ಅದು ಕೊನೆಗೆ. ಪಾಯಿಂಟು ಮುಗಿಯದೆ ಗುಡಿ ಹೇಗೆ?” ಎಂದ. ಸಾಹೇಬರು ಗುಡಿಗೆ ಹೋಗುತ್ತಿರಲಿಲ್ಲ, ಆದ್ದರಿಂದ ಅವನ ಕ್ರಮದಲ್ಲಿ ಗುಡಿ ಕೊನೆಗೆ ಬಿದ್ದಿತ್ತು. ಆ ಕ್ರಮವನ್ನು ನಮಗಾಗಿ ಮುರಿಯಲು ಅವನು ತಯಾರಿರಲಿಲ್ಲ.

ಮೊದಲನೆಯ ಪಾಯಿಂಟು. ಟಾಂಗಾ ಇಳಿದು, ಕಲ್ಲುಮುಳ್ಳು ತುಳಿದು, ಏದುಸಿರು ಬಿಟ್ಟು ತುದಿಗೆ ಹೋಗಿ ನಿಂತೆವು. ಗಣಪತರಾವ ಕೈ ಚಾಚಿ, “ನೋಡಿ!” ಎಂದ. ನಾವು ನೋಡಿದೆವು.

“ಏನೈತಿ ಇಲ್ಲಿ?” ಎಂದ ಕಾಕಾ ನನ್ನ ಕಿವಿಯಲ್ಲಿ.

“ಕಣಿವೆ,” ಎಂದೆ.

“ಅಂದ್ರ ತಗ್ಗು.”

“ಹೂಂ.”

“ತಗ್ಗ ನೋಡಾಕ ಇಷ್ಟ ಎತ್ತರ ಯಾಕ ಹತ್ತಬೇಕೋ?”

ಎರಡನೆಯ ಪಾಯಿಂಟಿನಲ್ಲೂ ತಗ್ಗು. ಮೂರನೆಯದರಲ್ಲಿ ತಗ್ಗಿನ ಆಚೆಗೆ ಇನ್ನೊಂದು ತಗ್ಗು. ಕಾಕಾನ ಕಣ್ಣು ತಗ್ಗಿನ ಮೇಲಿರಲಿಲ್ಲ. ದಾರಿಯ ಎರಡೂ ಬದಿಗೆ ಸೊಂಟದೆತ್ತರ ನಿಂತ ಹುಲ್ಲಿನ ಮೇಲಿತ್ತು. “ಏ ಸಿದ್ರಾಮಾ, ಕೇಳೋ ಅವಗ. ಈ ಹುಲ್ಲ ಯಾರ ಕುರಿ ಮೇಯತಾವು?” ನಾನು ಕೇಳಿದೆ. “ಯಾವ ಕುರಿಯೂ ಇಲ್ಲ, ಇದು ಸರಕಾರದ ಕಾಡು, ಇಲ್ಲಿ ಕಾಡುಕೋಣ ಇರುತ್ತವೆ,” ಎಂದ ಗಣಪತರಾವ ಹೆಮ್ಮೆಯಿಂದ. ಕಾಕಾ ನೊಂದುಕೊಂಡ. ಅಂಥ ಹುಲ್ಲು ಮೇಯುವ ಬಾಯಿಲ್ಲದೆ ಒಣಗುವುದನ್ನು ನೋಡಿ, ಯಾರೋ ತುಂಬಿದ ತಾಟನ್ನು ಮೋರಿಗೆ ಸುರಿದ ಹಾಗೆ ಹಲುಬಿದ. ಮುಂದಿನ ಪ್ರತಿ ಪಾಯಿಂಟಿನಲ್ಲೂ ಅದೇ ಪ್ರಶ್ನೆ: ಇಲ್ಲಿಯೂ ಮೇಯಿಸಂಗಿಲ್ಲೇನು? ಗಣಪತರಾವ ನನ್ನ ಕಡೆ ತಿರುಗಿ, “ನಿಮ್ಮ ಕಾಕಾ ಅವರಿಗೆ ನೋಟ ಬೇಡವೇ?” ಎಂದು ಹಲ್ಲು ಕಡಿದ. ಕಾಕಾ ನನ್ನ ಕಡೆ ತಿರುಗಿ, “ಇವಂಗ ಹುಲ್ಲಂದ್ರ ಏನಂತ ಗೊತ್ತಿಲ್ಲ,” ಎಂದು ಹಲ್ಲು ಕಡಿದ. ಇಬ್ಬರ ಸಿಟ್ಟಿನ ದಾರಿಯೂ ನನ್ನ ಮುಖದ ಮೇಲೆಯೇ ಹಾದುಹೋಗುತ್ತಿತ್ತು.

ಆಮೇಲೆ ಆದದ್ದನ್ನು ನೆನೆದರೆ ನನಗೆ ಇವತ್ತಿಗೂ ತಲೆ ಚಚ್ಚಿಕೊಳ್ಳಬೇಕೆನ್ನಿಸುತ್ತದೆ. ಟಾಂಗಾ ಒಂದು ಹಳೆಯ ಕಲ್ಲುಗುಡಿಯ ಮುಂದೆ ಹಾಯುತ್ತಿತ್ತು. ಗಣಪತರಾವ ಹಿಂದೆ ತಿರುಗದೆ, “ಇದೇ ನಿಮ್ಮ ಕೃಷ್ಣೆಯ ಗುಡಿ,” ಎಂದ. ಕುದುರೆ ನಿಲ್ಲಲಿಲ್ಲ.

“ನಿಲ್ಲಸಂತ ಹೇಳೋ!” ಚಿಗವ್ವ ನನ್ನ ಮೊಣಕಾಲು ಹಿಂಡಿದಳು.

“ಬರುವಾಗ, ಬರುವಾಗ! ಕಡೆಯ ಪಾಯಿಂಟಿಗೆ ಈಗ ಗಾಳಿಯ ಹೊತ್ತು. ಈ ಗಾಳಿ ತಪ್ಪಿದರೆ ನೀವು ಬಂದದ್ದೇ ದಂಡ,” ಎಂದ ಅವನು. ಟಾಂಗಾದವನೂ ಅವನ ಕಡೆಯವನೇ.

ಆ ಕಡೆಯ ಪಾಯಿಂಟು ಯಾವುದೋ ಸಾಹೇಬನ ಹೆಸರಿನದು. ಅಲ್ಲಿ ನೆಲ ಒಮ್ಮೆಗೇ ಮುಗಿದುಹೋಗುತ್ತದೆ. ಚಿಗವ್ವ ತನ್ನ ಗಂಟನ್ನು ಬಂಡೆಯ ಮೇಲೆ ಇಟ್ಟು, ತಗ್ಗಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕುಳಿತುಬಿಟ್ಟಳು. ಗಣಪತರಾವನ ಮುಖದಲ್ಲಿ ಮಾತ್ರ ಹಬ್ಬದ ಕಳೆ. “ಇಲ್ಲಿ ಹಗುರವಾದ ಅರಿವೆ ಎಸೆದರೆ ಕೆಳಗೆ ಬೀಳುವುದಿಲ್ಲ. ಗಾಳಿ ಅದನ್ನು ಹೊತ್ತು ತಂದು ನಿಮ್ಮ ಕೈಗೇ ಕೊಡುತ್ತದೆ. ಒಬ್ಬ ಜಡ್ಜ ಸಾಹೇಬರ ಹೆಂಡತಿ, ಮಡ್ಡಮ್ ಅವರ ಕೈವಸ್ತ್ರವನ್ನು ನಾನೇ ಈ ಕೈಯಿಂದ ಎಸೆದಿದ್ದೆ. ಕೊಡಿ, ಒಂದು ಕೈವಸ್ತ್ರ ಕೊಡಿ,” ಎಂದ.

ನನ್ನ ಕೈವಸ್ತ್ರ ಘಾಟಿನಲ್ಲೇ ಕಾಕಾನ ವಾಂತಿಯ ಪಾಲಾಗಿತ್ತು. ಕಾಕಾ ಟಾವೆಲ್ಲು ಕೊಡಹೋದ. ಅದು ಭಾರವಾಯಿತು ಎಂದು ಗಣಪತರಾವ ಮೂಗು ಮುರಿದ. ಬೆಳಗಿನಿಂದ ತಗ್ಗು ನೋಡಿ ಬೇಸತ್ತಿದ್ದ ಕಾಕಾನಿಗೆ ಮೊದಲ ಸಲ ನೋಡುವಂಥದ್ದು ಏನೋ ಸಿಗುವ ಹಾಗಿತ್ತು. ಮೇಲೆ ಎಸೆದದ್ದು ಕೆಳಗೆ ಬೀಳುವುದಿಲ್ಲವೆಂದರೆ ಏನು! ಅವನು ಅತ್ತಿತ್ತ ನೋಡಿದ. ಬಂಡೆಯ ಮೇಲಿನ ಗಂಟಿನೊಳಗಿಂದ ಖಣದ ಕೆಂಪು ಅಂಚು ಇಣುಕುತ್ತಿತ್ತು.

“ಹೊಳ್ಳಿ ಬರತೈತಿ ಅಂತಾನಲ್ಲ,” ಎಂದು ಎಳೆದು ಗಣಪತರಾವನ ಕೈಗೆ ಕೊಟ್ಟೇಬಿಟ್ಟ.

“ಕಾಕಾ!” ಎನ್ನುವಷ್ಟರಲ್ಲಿ ಗಣಪತರಾವ ಎಸೆದಾಗಿತ್ತು.

ಗುಳೇದಗುಡ್ಡದ ಖಣ ಅದು. ಚಿಗವ್ವ ಸೊಲ್ಲಾಪುರದ ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿ, ನನ್ನನ್ನೂ ತಿರುಗಿಸಿ, ಅಂಗಡಿಯವರು ಕೈಮುಗಿಯುವ ತನಕ ಆರಿಸಿ ತಂದದ್ದು. ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡಿತು. ಮೇಲೆದ್ದಿತು. ಕಾಕಾ ಬಾಯಿ ತೆರೆದು ನಿಂತ. ಇನ್ನೇನು, ನಮ್ಮ ಕಡೆಗೆ ಒಂದು ಮೊಳ ಬಂತು ಕೂಡ. ಅಷ್ಟರಲ್ಲಿ ಗಾಳಿಗೆ ಏನು ನೆನಪಾಯಿತೋ, ನಿಂತುಹೋಯಿತು. ಖಣ ನಿಧಾನವಾಗಿ, ಅವಸರವೇ ಇಲ್ಲದೆ, ಹೊರಳುತ್ತ ಹೊರಳುತ್ತ ಕೆಳಗಿಳಿದು ಕಾಡಿನ ಹಸಿರಿನಲ್ಲಿ ಸೇರಿತು.

ಗಣಪತರಾವ ಆಕಾಶ ನೋಡಿದ. “ಇವತ್ತು ಗಾಳಿ ಸರಿಯಿಲ್ಲ,” ಎಂದ.

ಚಿಗವ್ವ ಕಣ್ಣು ತೆರೆದಳು. ಗಂಟು ನೋಡಿದಳು, ಗಂಡನನ್ನು ನೋಡಿದಳು, ಅವನ ಕೈಯಲ್ಲಿ ಉಳಿದ ದಾರದ ಎಳೆ ನೋಡಿದಳು. ಅವಳು ಚೀರಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದಳು: “ಕೆಳಗ ಹರಿಯೂದು ಯಾ ಹೊಳಿ ಅಂತ ಕೇಳೋ.”

“ಸಾವಿತ್ರಿ,” ಎಂದ ಗಣಪತರಾವ. “ಇದು ಕೊಂಕಣದ ಕಡೆ ಹೋಗುತ್ತದೆ. ಕೃಷ್ಣೆ ಪೂರ್ವಕ್ಕೆ.”

“ಅಂದ್ರ ಕೃಷ್ಣವ್ವಗ ತಂದ ಖಣ ಸಾವಿತ್ರವ್ವಗ ಉಡಿಸಿದಿರಿ. ಅದೂ ಕೊಂಕಣಕ್ಕ ಕಳಸಿದಿರಿ.” ಗಂಡನ ಕಡೆ ತಿರುಗಿದಳು. “ನಿಮ್ಮ ಟಾವೆಲ್ಲ ಒಗದಿದ್ದರ ಏನ ಆಗತಿತ್ತರಿ?”

“ಭಾರ ಆಗತೈತಿ ಅಂದ ಅಂವಾ...”

“ಹೌದ್ ಬಿಡ್ರಿ. ಹಗುರ ಆಗೂದು ನಂದೊಂದ.”

ಅಲ್ಲಿಂದ ಅವಳು ಮರಾಠಿ ಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಚಪಳಗಾಂವದ ಸಂತೆಯಲ್ಲಿ ಮರಾಠಿಯಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದವಳು, ಈಗ ಅದರ ಒಂದಕ್ಷರವೂ ತಿಳಿಯದವಳ ಹಾಗೆ ಕೂತಳು. ಗಣಪತರಾವ ಕ್ಷಮೆ ಕೇಳಿದರೂ ನಾನು ಕನ್ನಡ ಮಾಡಿ ಹೇಳಬೇಕು. ಹೇಳಿದರೆ, “ಅಂವಗ ಹೇಳು, ನನಗ ಕೇಳಸಲಿಲ್ಲಂತ” ಎನ್ನುವಳು. ಅದನ್ನು ಮರಾಠಿ ಮಾಡಬೇಕು. ಗಂಡನಿಗೂ ಅದೇ ಶಿಕ್ಷೆ. ಪಕ್ಕದಲ್ಲಿ ಕೂತವನಿಗೆ “ನಿಮ್ಮ ಕಾಕಾಗ ಹೇಳೋ” ಎಂದು ನನ್ನ ಮೂಲಕ ಕನ್ನಡದಿಂದ ಕನ್ನಡಕ್ಕೆ ಕಳಿಸುತ್ತಿದ್ದಳು.

ಖಣವಿಲ್ಲದ ಉಡಿ ಉಡಿಯಲ್ಲ. ಆದ್ದರಿಂದ ಗುಡಿಯ ಮುಂದೆ ಎರಡನೆಯ ಸಲವೂ ನಿಲ್ಲದೆ ಹಾಯ್ದು, ಊರ ಪೇಟೆಗೆ ಬಂದೆವು. ಜೇನಿನ ಅಂಗಡಿ, ಚಪ್ಪಲಿಯ ಅಂಗಡಿ, ಗುಲ್ಕಂದದ ಅಂಗಡಿ, ಗುಡ್ಡ ಹತ್ತುವವರ ಬೆತ್ತದ ಅಂಗಡಿ. ಹೆಣ್ಣುಮಕ್ಕಳು ಕುಬಸ ತೊಡುತ್ತಾರೆ ಎಂಬುದು ಆ ಪೇಟೆಗೆ ತಿಳಿದ ಹಾಗಿರಲಿಲ್ಲ. ಒಬ್ಬ ಒಂದು ಕೈವಸ್ತ್ರ ತೋರಿಸಿ, “ಇದು ನಡೆಯುತ್ತದೆಯೇ?” ಎಂದ. ಚಿಗವ್ವ ಅವನನ್ನು ನೋಡಿದ ನೋಟವನ್ನು ಭಾಷಾಂತರ ಮಾಡುವ ಪ್ರಸಂಗ ನನಗೆ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ನಮ್ಮ ಮೋಟಾರು ಹೊರಡುವುದಿತ್ತು. ಚಿಗವ್ವ ಖಣವಿಲ್ಲದ ಗಂಟಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು. “ಬ್ಯಾಡ ಬಿಡು, ಸಿದ್ರಾಮಾ,” ಎಂದಳು. “ಅದಕೂ ನಾ ಬ್ಯಾಡಾಗೀನಿ.” ಅದಕೂ ಅಂದರೆ ಹೊಳೆಗೂ. ಅಷ್ಟು ಹೊತ್ತು ಅವಳ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಗಣಪತರಾವನ ಮೇಲಿನದು ಏರಿತು.

ಅವನು ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹ್ಯಾಟಿಲ್ಲದ ಅವನ ತಲೆ ಬಹಳ ಚಿಕ್ಕದಾಗಿತ್ತು. “ನಮ್ಮ ಮನೆಗೆ ಬನ್ನಿ,” ಎಂದ. ಅವನ ಮನೆ ಆ ಗುಡಿಯ ಹಿಂದಿನ ನಾಲ್ಕು ಮನೆಗಳ ವಾಡಿಯಲ್ಲೇ ಇತ್ತು! ಮೊದಲೇ ಹೇಳಬಾರದಾಗಿತ್ತೇ? ಮತ್ತೆ ಅದೇ ದಾರಿ. ಈ ಸಲ ಕುದುರೆಯೂ ನಡುದಾರಿಯಲ್ಲಿ ನಿಂತು ತಿರುಗಿ ನಮ್ಮನ್ನು ನೋಡಿತು.

ಅವನ ಹೆಂಡತಿ ಬಾಗಿಲಲ್ಲಿ ನಾಚಣಿ ಎನ್ನುವ ರಾಗಿ ಹಸನು ಮಾಡುತ್ತಿದ್ದಳು. ಇವನು ತಡವರಿಸುತ್ತ ನಡೆದದ್ದನ್ನು ಹೇಳಿದ. ಅವಳು ಮೊರ ಕೆಳಗಿಟ್ಟಳು.

“ಮುತ್ತೈದೆಯ ಗಂಟಿನೊಳಗಿನ ಖಣ ತಗ್ಗಿಗೆ ಎಸೆದಿರಾ?”

“ಗಾಳಿ...”

“ಗಾಳಿಗೆ ಬುದ್ಧಿ ಇಲ್ಲ. ನಿಮಗೆ?”

ಮಡ್ಡಮ್‌ಗಳ ಮುಂದೆ ಎದೆಯೆತ್ತಿ ನಿಲ್ಲುತ್ತಿದ್ದ ಗಣಪತರಾವ ಕುದುರೆಗೆ ನೀರು ತೋರಿಸುವ ನೆಪದಲ್ಲಿ ಹಿತ್ತಿಲಿಗೆ ಹೋದ. ನಮ್ಮ ಕಾಕಾ ಅವನ ಹಿಂದೆಯೇ ಹೋದ. ಆ ದಿನ ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಅವಳು ಚಿಗವ್ವನ ಕೈ ಹಿಡಿದು ಒಳಗೆ ಕರೆದು, ಕಂಬಳಿ ಹಾಸಿ ಕೂರಿಸಿದಳು. ಹಣೆಗೆ ಕುಂಕುಮ ಹಚ್ಚಿದಳು. ಟ್ರಂಕು ತೆಗೆದು ಹಸಿರು ಖಣವೊಂದನ್ನು ತಂದು, ಅಕ್ಕಿ ತೆಂಗಿನಕಾಯಿಯ ಜೊತೆ ಚಿಗವ್ವನ ಸೆರಗಿನೊಳಗೆ ಹಾಕಿದಳು. ಉಡಿ ತುಂಬುವುದಕ್ಕೆ ಅವರಲ್ಲಿ ಓಟಿ ಭರಣೆ ಎನ್ನುತ್ತಾರೆ. ಹೆಸರು ಬೇರೆ, ಕೈ ಆಡುವ ರೀತಿ ಅದೇ.

ಚಿಗವ್ವ ಖಣದ ಮೇಲೆ ಕೈಯಾಡಿಸಿದಳು. ಇಡೀ ಮಧ್ಯಾಹ್ನ ಕಳೆದ ಮೇಲೆ ಅವಳ ಬಾಯಿಂದ ಮರಾಠಿ ಬಂತು: “ಹೊಸಾದು. ಯಾರು ಕೊಟ್ಟದ್ದು, ತಾಯೀ?”

“ನನ್ನ ಅಣ್ಣ. ಮೊನ್ನೆ ದೀಪಾವಳಿಯ ಭಾವುಬೀಜಕ್ಕೆ ತಂಗಿಯನ್ನು ನೋಡಲು ಬಂದಿದ್ದ.”

“ಅಯ್ಯೋ. ಅಣ್ಣ ತಂದದ್ದು ನನಗೇಕೆ? ನೀನೇ ಹೊಲಿಸಿಕೋ.”

“ಇರಲಿ ತಗೋ. ಬರುವ ವರ್ಷವೂ ಬರುತ್ತಾನಲ್ಲ, ಮತ್ತೊಂದು ತರುತ್ತಾನೆ.”

ಅವಳು ಅದನ್ನು ಯಾವ ಭಾರವೂ ಇಲ್ಲದೆ ಹೇಳಿದಳು. ಮೊರ ಎತ್ತಿಕೊಂಡು ಮತ್ತೆ ನಾಚಣಿ ಕೇರತೊಡಗಿದಳು. ಚಿಗವ್ವ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ಮೂಗು ಒರೆಸಿದಳು. ಹೊಗೆಯೆಂದಳು. ಒಲೆ ಹೊತ್ತಿರಲಿಲ್ಲ.

ಅಂತೂ ಖಣ ಸಿಕ್ಕಿತು, ಗುಡಿ ಎದುರಿಗೇ ಇತ್ತು. ಇನ್ನೇನು ತೊಡಕು ಎನ್ನುತ್ತೀರಿ? ನಾನೂ ಹಾಗೆಯೇ ಅಂದುಕೊಂಡೆ. ಕಲ್ಲಿನ ಆಕಳ ಬಾಯಿಂದ ನೀರು ಬೀಳುತ್ತಿತ್ತು, ನಮ್ಮ ಹೊಲದ ಬಾವಿಯಿಂದ ಎತ್ತುವ ಮೋಟಿನ ನೀರಿಗಿಂತ ಸಣ್ಣ ಧಾರೆ. ಚಿಗವ್ವ ಅದನ್ನೇ ನೋಡುತ್ತ ನಿಂತಳು. ಅಕ್ಕಿ ಬಿಟ್ಟಳು, ಕೊಬ್ಬರಿ ಬಟ್ಟಲು ಬಿಟ್ಟಳು, ಉತ್ತತ್ತಿ, ಅರಿಷಿಣದ ಕೊಂಬು ಬಿಟ್ಟಳು. ನಿಂತಳು.

“ಖಣ ಬಿಡು,” ಎಂದ ಕಾಕಾ.

“ಯಾ ಖಣ?”

“ಈಗ ಕೊಟ್ಟಳಲ್ಲ, ಹಸರ ಖಣ.”

“ಅದು ನನ್ನ ಉಡಿಯೊಳಗ ಬಿದ್ದದ್ದು. ಉಡಿಯೊಳಗ ಬಿದ್ದ ಖಣ ಹೊಲಿಸಿ ತೊಡಬೇಕು. ಮತ್ತೊಬ್ಬರ ಉಡಿಗೆ ಹಾಕತಾರೇನರಿ ಯಾರರ?”

ಕಾಕಾ ತಲೆಯ ಮೇಲೆ ಕೈಯಿಟ್ಟುಕೊಂಡ. ಗಣಪತರಾವ ನನ್ನನ್ನು ನೋಡಿದ. ಈ ಮಾತನ್ನು ಅವನಿಗೆ ಮರಾಠಿಯಲ್ಲಿ ಎರಡೆರಡು ಸಲ ಹೇಳಿ ತಿಳಿಸಿದೆ. ತಿಳಿದ ಮೇಲೆ ಅವನು ಕಂಬಕ್ಕೆ ಒರಗಿ ಕೂತುಬಿಟ್ಟ. “ಇಂಥ ಪಾರ್ಟಿ ನನಗೆ ಸಿಕ್ಕಿರಲಿಲ್ಲ,” ಎಂದ. ನಾನಂತೂ ಕೈಮುಗಿದು, “ಚಿಗವ್ವಾ, ಹೊಳಿಗೆ ಇದೆಲ್ಲ ಎಲ್ಲಿ ತಿಳೀತೈತಿ, ಬಿಟ್ಟಬಿಡು, ಹೋಗೂಣು,” ಎಂದು ಬೇಡಿಕೊಂಡೆ.

“ಅಕಿನೂ ಹೆಂಗಸ, ತಿಳಿಯಂಗಿಲ್ಲೇನೋ?” ಎಂದಳು. ಬಾಗಿ, ಆಕಳ ಬಾಯಿಯ ನೀರನ್ನು ಬೊಗಸೆಯಲ್ಲಿ ಹಿಡಿದಳು. ಪಕ್ಕದ ಮನೆಯವಳ ಜೊತೆ ಮಾತಾಡುವ ಹಾಗೆ ಹೇಳಿದಳು: “ತಂಗೀ, ಇವತ್ತು ಇಷ್ಟ ಐತಿ ನನ್ನ ಕಡೆ. ಖಣ ನಿನ್ನ ಹಾದ್ಯಾಗ ಕೊಡತೀನಿ. ಕೊಲ್ಹಾರದ ದಂಡ್ಯಾಗ ನಿಂತಿರತೀನಿ, ಬಾ.”

ಕಾಕಾ ತಲೆಯ ಮೇಲಿನ ಕೈ ತೆಗೆದ. ಟಾಂಗಾಕ್ಕೆ ಬರುವಾಗ ನನ್ನ ಹೆಗಲು ಹಿಡಿದು, “ಸುಮ್ಮಿರು. ಏನೂ ಕೇಳಬ್ಯಾಡ. ಕೇಳಿದ್ರ ಮನಸ ತಿರಗತೈತಿ ಅಕಿದು,” ಎಂದ. ಘಾಟು ಇಳಿದು ಪುಣೆ ಮುಟ್ಟಿ ಸೊಲ್ಲಾಪುರಕ್ಕೆ ಬರುವವರೆಗೂ ನಾವಿಬ್ಬರೂ ಕೆಮ್ಮುವುದಕ್ಕೂ ಹೆದರಿದೆವು.

ಸೊಲ್ಲಾಪುರದಲ್ಲಿ ಇಳಿದವರೇ ಗಂಡಹೆಂಡಿರು ಮನೆಗೆ ಹೋಗಲಿಲ್ಲ. ಪೇಟೆಯಲ್ಲಿ ಮತ್ತೊಂದು ಖಣ ತೆಗೆದುಕೊಂಡು ಬಿಜಾಪುರದ ರೈಲು ಹತ್ತಿದರು. ನನ್ನನ್ನೂ ಕರೆದರು. ಅಂಗಡಿಯಲ್ಲಿ ಚಾದರ ಮಡಚುವ ಕೆಲಸ ಬಹಳ ಬಿದ್ದಿದೆ ಎಂದು ತಪ್ಪಿಸಿಕೊಂಡೆ. ಕಾಕಾ ಅವಳನ್ನು ಕೊಲ್ಹಾರ ಮುಟ್ಟಿಸಿ, ಕುರಿ ನೋಡುವವರಿಲ್ಲವೆಂದು ಮರುದಿನವೇ ಹೊರಳಿ ಬಂದ. ಅಲ್ಲಿ ಏನಾಯಿತು ಎಂದು ಕೇಳಿದೆ. “ಹೊಳ್ಯಾಗ ನೀರ ಇತ್ತು,” ಎಂದಷ್ಟೇ ಹೇಳಿದ. ಚಿಗವ್ವ ಆ ವಾರ ಬರಲಿಲ್ಲ, ಆ ತಿಂಗಳೂ ಬರಲಿಲ್ಲ. ಕಾಕಾ ಚಪಳಗಾಂವದಲ್ಲಿ ತಾನೇ ರೊಟ್ಟಿ ಬಡಿದು, ಸುಟ್ಟು, ತಿನ್ನಲಾಗದೆ ಕುರಿಗೆ ಹಾಕುತ್ತಿದ್ದಾನೆಂದು ಸುದ್ದಿ ಬರುತ್ತಿತ್ತು.

ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಒಂದು ಮುಂಜಾನೆ ಅಂಗಡಿಯ ಮುಂದೆ ಚಿಗವ್ವ ಬಂದು ನಿಂತಳು. ಅವಳ ಹಿಂದೆ ಎತ್ತರದ ಮುದುಕನೊಬ್ಬ, ಒಂದು ಹೆಗಲ ಮೇಲೆ ಚೀಲ, ಕೈಯಲ್ಲಿ ಬಾಯಿಗೆ ಅರಿವೆ ಕಟ್ಟಿದ ಮೊಸರಿನ ಗಡಿಗೆ. “ನಮ್ಮಣ್ಣ,” ಎಂದಳು. ಅವನು ಗಡಿಗೆಯನ್ನು ಜೋಪಾನವಾಗಿ ಈ ಕೈಯಿಂದ ಆ ಕೈಗೆ ಮಾಡಿಕೊಂಡು, “ಚಪಳಗಾಂವದ ಮೋಟಾರ ಎಲ್ಲಿ ನಿಲ್ಲತೈತ್ರಿ? ನಾ ಆ ಊರ ನೋಡೇ ಇಲ್ಲ,” ಎಂದ. ನಾನು ದಾರಿ ತೋರಿಸಲು ಗಾದಿಯಿಂದ ಇಳಿಯುತ್ತಿದ್ದೆ. ಅಷ್ಟರಲ್ಲಿ ಚಿಗವ್ವ, “ನೀ ಕೂಡೋ ಸಿದ್ರಾಮಾ, ನನಗೇನ ಗೊತ್ತಿಲ್ಲೇನು? ಬಾರೋ ಅಣ್ಣಾ,” ಎಂದು ಮುಂದೆ ಮುಂದೆ ನಡೆದಳು.